ಸ್ಕಾರ್ಪಿಯೋ-ಎನ್‌ಗೆ ರಿಮ್ 17 ಇಂಚೋ, 20 ಇಂಚೋ? ಮನೆಯಲ್ಲಿ ಒಮ್ಮತ ಇಲ್ಲ

ಮೂಡಿಗೆರೆ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ಕಾರ್ಪಿಯೋ-ಎನ್ ಡೀಸೆಲ್, ಫೋರ್ ವೀಲ್ ಡ್ರೈವ್, ಟಾಪ್ ಮಾಡೆಲ್. ಗಾಡಿ ಜೊತೆ ಬಂದ 255/60 ಆರ್18 ಟೈರು ಪೂರ್ತಿ ಸವೆದಿವೆ. ಹೇಗೂ ನಾಲ್ಕೂ ಬದಲಾಯಿಸಲೇಬೇಕು. ತಕರಾರು ಶುರುವಾಗಿದ್ದು ಅಲ್ಲಿಂದ.

ತಮ್ಮ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ 20 ಇಂಚಿನ ಕರಿ ಅಲಾಯ್ (ಮಿಶ್ರಲೋಹದ ರಿಮ್) ನೋಡಿಕೊಂಡು ಬಂದಿದ್ದಾನೆ. ಫೋಟೋ ಕಳಿಸಿದ, ನಿಜಕ್ಕೂ ಚೆನ್ನಾಗಿದೆ. "ವೀಲ್ ದೊಡ್ಡದಾದರೆ ಗಾಡಿ ಎತ್ತರ ಆಗುತ್ತೆ, ತೋಟಕ್ಕೂ ಒಳ್ಳೇದು" ಅನ್ನುವುದು ಅವನ ವಾದ. ಅಪ್ಪ ಅದಕ್ಕೆ ತದ್ವಿರುದ್ಧ. 17 ಇಂಚಿನ ರಿಮ್ ತಗೊಂಡು ದಪ್ಪ ಟೈರ್ ಹಾಕಿಸು, ಜೀಪಿನ ಕಾಲದಿಂದ ನೋಡಿದ್ದೀನಿ ಅನ್ನುತ್ತಾರೆ. ನನಗೆ 18 ಇಂಚೇ ಮುಂದುವರಿಸೋಣ ಅಂತ. ನನ್ನ ಮಾತು ಕೇಳೋರು ಯಾರೂ ಇಲ್ಲ.

ಓಡಾಟ ಹೀಗಿದೆ. ಡಾಂಬರು ಬಿಟ್ಟ ಮೇಲೆ ಮನೆವರೆಗೆ ಮಣ್ಣಿನ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಿ ಎರಡು ಕಡೆ ಆಳದ ಜಾಡು ಬೀಳುತ್ತೆ, ಅಲ್ಲಲ್ಲಿ ಚೂಪು ಕಲ್ಲು ಬೇರೆ. ಚಾರ್ಮಾಡಿ ಇಳಿದು ಮಂಗಳೂರು, ಹಾಸನದ ಮೇಲೆ ಬೆಂಗಳೂರು, ಇವೂ ಆಗಾಗ ಇದ್ದೇ ಇರುತ್ತವೆ. ಏನು ಮಾಡಲಿ?

ಹಾಸನ ಟೈರ್ ಅಂಗಡಿ:

20 ಇಂಚು ಹಾಕಿಸು ಅಂದರೆ ನನ್ನಂಥವರಿಗೆ ಲಾಭ ಜಾಸ್ತಿ. ಆದರೂ ಹೇಳುತ್ತೇನೆ, ಅಪ್ಪನ ಮಾತು ಕೇಳಿ.

ಮೊದಲು ತಮ್ಮನ ವಾದ ನೋಡೋಣ. ಟೈರಿನ ಮೇಲೆ 255/60 ಆರ್18 ಅಂತ ಇದೆಯಲ್ಲ, 255 ಅಂದರೆ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಆ ಅಗಲದ ನೂರಕ್ಕೆ ಅರವತ್ತು ಭಾಗ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ. ಲೆಕ್ಕ ಹಾಕಿದರೆ 153 ಮಿ.ಮೀ. ರಿಮ್ 18 ಇಂಚು, ಅಂದರೆ 457. ಕೆಳಗೊಂದು ಮೇಲೊಂದು ಸೈಡ್‌ವಾಲ್ ಸೇರಿಸಿ, ಒಟ್ಟು ಟೈರಿನ ಎತ್ತರ 763 ಮಿ.ಮೀ.

ಈಗ 20 ಇಂಚಿಗೆ ಅಂಗಡಿಯವರು ಕೊಡುವ ಸೈಜ್ ಬಹುಶಃ 255/50 ಆರ್20. ಅದರ ಒಟ್ಟು ಎತ್ತರ ಎಷ್ಟು ಗೊತ್ತಾ? ಅದೂ 763! ಒಂದು ಕೂದಲೆಳೆಯಷ್ಟೂ ಗಾಡಿ ಮೇಲೇಳಲ್ಲ. ರಿಮ್ ಒಂದು ಇಂಚು ಬೆಳೆದರೆ ಒಂದೊಂದು ಕಡೆ 12.7 ಮಿ.ಮೀ. ರಬ್ಬರ್ ಕಡಿಮೆ ಮಾಡಿ ಸರಿದೂಗಿಸುತ್ತಾರೆ, ಅಷ್ಟೇ. ಸ್ಪೀಡೋಮೀಟರ್ ಸರಿ ಇರಬೇಕು, ಟೈರು ಒಳಗಡೆ ತಾಗಬಾರದು, ಅದಕ್ಕೆ ಹೀಗೆ. ಹಾಗಾಗಿ ನೀವು ಆರಿಸುತ್ತಿರುವುದು ವೀಲಿನ ಎತ್ತರವನ್ನಲ್ಲ. ರಿಮ್ಮಿಗೂ ಕಲ್ಲಿಗೂ ನಡುವೆ ಎಷ್ಟು ರಬ್ಬರ್ ಇರಬೇಕು ಅನ್ನುವುದನ್ನ. 20ರಲ್ಲಿ 127, ಈಗಿನ 18ರಲ್ಲಿ 153, ಇದೇ ಗಾಡಿಯ ಕೆಳಗಿನ ಮಾಡೆಲ್‌ಗೆ ಬರುವ 245/65 ಆರ್17ರಲ್ಲಿ 159.

ಸೈಡ್‌ವಾಲ್ ಕಡಿಮೆ ಆದರೆ ಏನಾಗುತ್ತೆ ಅನ್ನೋದು ನಮ್ಮ ಅಂಗಡಿಗೆ ಮಳೆಗಾಲ ಮುಗಿದ ಮೇಲೆ ಬಂದರೆ ಗೊತ್ತಾಗುತ್ತೆ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ರಬ್ಬರು ಪೂರ್ತಿ ಮಡಚಿ ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿಕೊಳ್ಳುತ್ತೆ. ಹೊರಗೆ ಗೀರೂ ಬಿದ್ದಿರಲ್ಲ, ಒಳಗಿನ ದಾರ ಕಡಿದಿರುತ್ತೆ. ಒಂದೆರಡು ದಿನದಲ್ಲಿ ಅಲ್ಲೇ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಬೆರಳಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತೆ, ಯಾಕಂದರೆ ಅಲ್ಲಿ ಗಾಳಿಯನ್ನ ತಡೆದಿರೋದು ಬರೀ ತೆಳು ರಬ್ಬರು. ಅದಕ್ಕೆ ಪ್ಯಾಚ್ ಇಲ್ಲ, ಪ್ಲಗ್ ಇಲ್ಲ. ಪಂಕ್ಚರ್ ರಿಪೇರಿ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಗುಳ್ಳೆ ಬಂತು ಅಂದರೆ ಟೈರ್ ಬಿಸಾಡಬೇಕು. ಅದರ ಮೇಲೇ ಚಾರ್ಮಾಡಿ ಇಳಿಯುತ್ತೇನೆ ಅನ್ನೋರೂ ಇದ್ದಾರೆ, ಏನು ಹೇಳೋದು.

ಇನ್ನೊಂದು ವಿಷಯ. ತೋಟದ ಕೆಸರಿನಲ್ಲಿ ಸಿಕ್ಕಿಕೊಂಡಾಗ ಗಾಳಿ 20 ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತೆ, ಎಷ್ಟೋ ಸಲ ಗಾಡಿ ಎಳೆಯೋ ವಿಂಚೇ ಬೇಕಾಗಲ್ಲ. ಸೈಡ್‌ವಾಲ್ ಎತ್ತರ ಇದ್ದಷ್ಟೂ ಇದಕ್ಕೆ ಅನುಕೂಲ. 20 ಇಂಚಿನಲ್ಲಿ ಅಷ್ಟು ಇಳಿಸಿದರೆ ರಿಮ್ಮೇ ಕಲ್ಲಿಗೆ ತಾಗುತ್ತೆ. ಡಾಂಬರಿಗೆ ಬಂದ ಕೂಡಲೇ ವಾಪಸ್ ತುಂಬಿಸಬೇಕು, ಅದಕ್ಕೊಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲಿ ಇಟ್ಟುಕೊಳ್ಳಿ.

17ಕ್ಕೆ ಹೋದರೆ ಕಳೆದುಕೊಳ್ಳೋದು ಏನು? ಒಟ್ಟು ಎತ್ತರ 750 ಆಗುತ್ತೆ. ಗ್ರೌಂಡ್ ಕ್ಲಿಯರೆನ್ಸ್ ಆರೂವರೆ ಮಿ.ಮೀ. ಇಳಿಯುತ್ತೆ. ಮೀಟರಿನಲ್ಲಿ 100 ತೋರಿಸಿದಾಗ ನೀವು ಮೊದಲಿಗಿಂತ ಒಂದೂ ಮುಕ್ಕಾಲು ಕಿಲೋಮೀಟರ್ ನಿಧಾನ ಇರುತ್ತೀರಿ. ಅಷ್ಟೇ.

ಹುಬ್ಬಳ್ಳಿ ಹೈವೇ:

ಅಂಗಡಿ ಸಾಹೇಬರು ದೊಡ್ಡ ರಿಮ್ ಅಂದರೆ ಬರೀ ಶೋಕಿ ಅನ್ನೋ ಹಾಗೆ ಬರೆದಿದ್ದಾರೆ. ಸ್ವಲ್ಪ ಅನ್ಯಾಯ ಆಯ್ತು ಅಲ್ವಾ?

ನನ್ನದು ಸಫಾರಿ, ಕಂಪನಿಯಿಂದಲೇ 245/55 ಆರ್19 ಬಂದಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಓಡಾಡುತ್ತೇನೆ, ಪೂರ್ತಿ ಹೈವೇ. ಸೈಡ್‌ವಾಲ್ ಗಿಡ್ಡ ಇದ್ದಾಗ ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಡಿ ಕೇಳುತ್ತೆ. ಇಷ್ಟು ಎತ್ತರದ ಗಾಡಿಯಲ್ಲಿ ಲೇನ್ ಬದಲಿಸುವಾಗ ಆ ತೂಗಾಟ ಕಡಿಮೆ ಆದರೆ ಅದೇನು ಸಣ್ಣ ವಿಷಯ ಅಲ್ಲ. ದಾವಣಗೆರೆ ದಾಟಿ ರಾತ್ರಿ ಲಾರಿ ಓವರ್‌ಟೇಕ್ ಮಾಡಿ ನೋಡಿ, ಗೊತ್ತಾಗುತ್ತೆ. ಹಂಪ್ಸ್ ಮೇಲೆ ಸ್ವಲ್ಪ ಗಡಸು, ಟೈರಿನ ರೇಟೂ ಜಾಸ್ತಿ, ಒಪ್ಪುತ್ತೇನೆ. ಆದರೆ ಕಂಪನಿಯೇ 19 ಕೊಟ್ಟಿದ್ದರೆ ಸಸ್ಪೆನ್ಶನ್ ಕೂಡ ಅದಕ್ಕೆ ತಕ್ಕ ಹಾಗೆ ಕೂರಿಸಿರುತ್ತಾರೆ. ಹೊರಗಡೆ ಹಾಕಿಸಿದ 20ಕ್ಕೆ ಆ ಭಾಗ್ಯ ಇಲ್ಲ.

ಮೂಡಿಗೆರೆಯವರ ದಾರಿಗೆ ನಾನೂ 20 ಬೇಡ ಅನ್ನುತ್ತೇನೆ, 18 ಸಾಕು.

ಲಾರಿ ಮಾಲೀಕ, ಚಿತ್ರದುರ್ಗ:

ನಮ್ಮ ಕಡೆಯದೊಂದು ಸೇರಿಸುತ್ತೇನೆ. ಹಳೆ ಲಾರಿಗೆ 10.00 ಆರ್20, ಟ್ಯೂಬ್ ಇರೋದು. ಹೊಸದಕ್ಕೆ 295/80 ಆರ್22.5, ಟ್ಯೂಬ್‌ಲೆಸ್. ಕೇಳಿದರೆ ರಿಮ್ ಎರಡೂವರೆ ಇಂಚು ದೊಡ್ಡದಾಯ್ತು ಅನ್ನಿಸುತ್ತೆ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಎತ್ತರ ಹೆಚ್ಚೂಕಡಿಮೆ ಒಂದೇ. ಟ್ಯೂಬ್ ಇಲ್ಲದೆ ಗಾಳಿ ನಿಲ್ಲಬೇಕಾದರೆ ರಿಮ್ಮಿನ ಅಂಚು ಇಳಿಜಾರಾಗಿರಬೇಕು, ಅದಕ್ಕೆ ಆ ಅಳತೆ. ಲುಕ್ಕಿಗೆ ಯಾರೂ ಲಾರಿ ರಿಮ್ ದೊಡ್ಡದು ಮಾಡಲ್ಲ.

ಸಣ್ಣ ಚಕ್ರಕ್ಕೂ ಅದರದ್ದೇ ಕೆಲಸ ಇದೆ. 2005ರಲ್ಲಿ ಟಾಟಾ ಏಸ್ ಬಂದಾಗ 12 ಇಂಚಿನ ಚಕ್ರ ನೋಡಿ ನಕ್ಕಿದ್ದೇ ನಕ್ಕಿದ್ದು. ಆದರೆ ಸಾಮಾನು ಹಾಕುವ ಡೆಕ್ ತಗ್ಗಿನಲ್ಲಿ ಇತ್ತು, ಒಬ್ಬನೇ ಮೂಟೆ ಎತ್ತಿ ಹಾಕಬಹುದು, ಸಂತೆ ಓಣಿಯಲ್ಲಿ ತಿರುಗಿಸಬಹುದು. ಗುಂಡಿ ಸಿಕ್ಕರೆ ಮಾತ್ರ ದೇವರೇ ಗತಿ.

ಮೂಡಿಗೆರೆ ತೋಟ:

ಎಲ್ಲರಿಗೂ ಥ್ಯಾಂಕ್ಸ್. 763ರ ಲೆಕ್ಕ ತಮ್ಮನಿಗೆ ತೋರಿಸಿದೆ. ಕ್ಯಾಲ್ಕುಲೇಟರ್ ತಗೊಂಡು ಅವನೇ ಮತ್ತೊಮ್ಮೆ ಗುಣಿಸಿ ನೋಡಿದ. ಈಗ "ಎತ್ತರ ಆಗಲ್ಲ ಸರಿ, ಲುಕ್ ಆದರೂ ಬರುತ್ತಲ್ಲ" ಅನ್ನುತ್ತಿದ್ದಾನೆ.

ಅಂಗಡಿಯವರಿಗೆ ಇನ್ನೂ ಮೂರು ಪ್ರಶ್ನೆ. ಟಾಪ್ ಮಾಡೆಲ್ಲಿನ ಬ್ರೇಕಿಗೆ 17 ಇಂಚಿನ ರಿಮ್ ಕೂರುತ್ತಾ? ಕಬ್ಬಿಣದ ರಿಮ್ ತಗೊಳ್ಳಲೋ ಅಲಾಯೋ? ಚಿಕ್ಕ ರಿಮ್ ಹಾಕಿದರೆ ತೂಕ ಕಡಿಮೆಯಾಗಿ ಮೈಲೇಜ್ ಬರುತ್ತೆ ಅಂತ ಅಪ್ಪ ಹೇಳುತ್ತಾರೆ, ಹೌದಾ?

ಹಾಸನ ಟೈರ್ ಅಂಗಡಿ:

ಬ್ರೇಕ್ ವಿಷಯ ಬಾಯಲ್ಲಿ ಹೇಳೋದಲ್ಲ. ದುಡ್ಡು ಕೊಡುವ ಮೊದಲು ಮುಂದಿನ ಒಂದು ಚಕ್ರ ಬಿಚ್ಚಿಸಿ, 17ರ ರಿಮ್ಮನ್ನ ಟೈರಿಲ್ಲದೆ ಹಾಗೇ ಕೂರಿಸಿ, ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ಬ್ರೇಕಿನ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೂ ರಿಮ್ಮಿಗೂ ಮಧ್ಯೆ ಕಣ್ಣಿಗೆ ಕಾಣುವಷ್ಟು ಜಾಗ ಇರಬೇಕು. ಬ್ಯಾಲೆನ್ಸಿಂಗ್ ವೇಟ್ ಒಳಗಡೆ ಅಂಟಿಸುತ್ತಾರೆ, ಅದಕ್ಕೂ ಜಾಗ ಬೇಕು. ಕೆಳಗಿನ ಮಾಡೆಲ್ಲಿನ ಒರಿಜಿನಲ್ ರಿಮ್ ಸಿಕ್ಕರೆ ಅದನ್ನೇ ತಗೊಳ್ಳಿ, ಆಫ್‌ಸೆಟ್ (ರಿಮ್ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತೆ ಅನ್ನೋ ಅಳತೆ) ತಲೆನೋವು ಇರಲ್ಲ.

ತೂಕದ ವಿಷಯದಲ್ಲಿ ಅಪ್ಪ ಅರ್ಧ ಸರಿ. ಅದೇ ಎತ್ತರದಲ್ಲಿ 20ರ ಅಲಾಯ್ ಸಾಮಾನ್ಯವಾಗಿ 18ಕ್ಕಿಂತ ಭಾರ, ಆ ಭಾರವೂ ಅಂಚಿನ ಕಡೆ ಇರುತ್ತೆ. ತಿರುಗಿಸೋಕೂ ನಿಲ್ಲಿಸೋಕೂ ಕಷ್ಟ, ಸಸ್ಪೆನ್ಶನ್‌ಗೂ ಕೆಲಸ ಜಾಸ್ತಿ. ಆದರೆ 17ರ ಕಬ್ಬಿಣದ ರಿಮ್ಮು 18ರ ಅಲಾಯ್‌ಗಿಂತ ಹಗುರ ಇರುತ್ತೆ ಅಂತ ಗ್ಯಾರಂಟಿ ಇಲ್ಲ. ನಿಮ್ಮಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿ ಇರುತ್ತಲ್ಲ, ಎರಡನ್ನೂ ಅದರ ಮೇಲೆ ಇಟ್ಟುಬಿಡಿ. ನನಗೆ ಕೇಳಿದರೆ ತೋಟಕ್ಕೆ ಕಬ್ಬಿಣವೇ. ಸೊಟ್ಟ ಆದರೆ ಬಡಿದು ಸರಿಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ವೆಲ್ಡ್ ಮಾಡಿಕೊಡುತ್ತೇವೆ ಅನ್ನೋರು ಸಿಗುತ್ತಾರೆ, ಅಂಥ ರಿಮ್ ಹಾಕಿಕೊಂಡು ಹೈವೇಗೆ ಹೋಗಬೇಡಿ.

ತಮ್ಮನಿಗೆ ಲುಕ್ ಬೇಕು ಅಂದರೆ 17ಕ್ಕೆ ಎಟಿ (ಆಲ್ ಟೆರೇನ್, ಮಣ್ಣು ಡಾಂಬರು ಎರಡಕ್ಕೂ ಆಗೋ) ಟೈರ್ ಹಾಕಿಸಿ. ದಪ್ಪ ದಪ್ಪ ರಬ್ಬರ್ ಉಬ್ಬು, ಕರಿ ರಿಮ್, ನೋಡೋಕೂ ಚೆನ್ನಾಗಿರುತ್ತೆ. ಡಾಂಬರಿನಲ್ಲಿ ಸ್ವಲ್ಪ ಸದ್ದು ಬರುತ್ತೆ.

ಕೊನೆಗೆ ಕೆಲವು ಮಾತು. ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರುತ್ತೆ ಅನ್ನೋ ನಂಬರ್) ನೋಡಿ. 108 ಅಂದರೆ ಒಂದು ಟೈರಿಗೆ 1000 ಕೆಜಿ, 111 ಅಂದರೆ 1090. ಕಂಪನಿ 17ರ ಮಾಡೆಲ್‌ಗೆ ಕೊಟ್ಟಿದ್ದಕ್ಕಿಂತ ಕಡಿಮೆ ನಂಬರ್ ಬೇಡ. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿಯ ತಾರೀಕು ಇರುತ್ತೆ. 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾಗಿದ್ದು. ಹಳೇ ಸ್ಟಾಕ್ ಕಟ್ಟೋಕೆ ನೋಡುತ್ತಾರೆ, ನೋಡಿ ತಗೊಳ್ಳಿ. ಸ್ಟೆಪ್ನಿಯನ್ನೂ ಸೇರಿಸಿ ಐದೂ ಒಂದೇ ಸೈಜ್ ಇರಲಿ. ಫೋರ್ ವೀಲ್ ಹಾಕಿದಾಗ ಒಂದು ಚಕ್ರ ಮಾತ್ರ ಬೇರೆ ಎತ್ತರ ಇದ್ದರೆ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರು) ಸವೆಯುತ್ತೆ. ಇನ್ಶೂರೆನ್ಸ್‌ನವರಿಗೂ ಸೈಜ್ ಬದಲಾಯಿಸಿದ್ದನ್ನ ಬರೆದು ತಿಳಿಸಿಬಿಡಿ. ಹಳೆ 18ರ ರಿಮ್ ಮಾರುವುದಾದರೆ ಇಲ್ಲೇ ಹಾಕಿ, ತಗೊಳ್ಳೋರು ಇದ್ದಾರೆ.