ಚಿಕ್ಕಮ್ಮ, ಫಾರ್ನ್ ದ್ವೀಪಕ್ಕೆ ಜೂನ್‌ನಲ್ಲೇ ಬನ್ನಿ

ಚಿಕ್ಕಮ್ಮ, ಈಗ ನಿಮ್ಮ ಮೆಸೇಜ್ ನೋಡಿದೆ. ನನ್ನ ಈ ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ. ಆಗಸ್ಟ್‌ನಲ್ಲಿ ಇಂಗ್ಲೆಂಡ್‌ಗೆ, ನ್ಯೂಕ್ಯಾಸಲ್‌ಗೆ ಬಂದು, ಇಲ್ಲಿನ ಕಡಲಲ್ಲಿರುವ ಫಾರ್ನ್ ದ್ವೀಪಗಳ ಪಫಿನ್ ಅನ್ನೋ ಕಡಲಹಕ್ಕಿ ನೋಡಬಹುದಾ ಅಂತ ಕೇಳಿದ್ದೀರಿ ಅಲ್ವಾ? ಆಗಸ್ಟ್ ಬೇಡ. ಅಷ್ಟರಲ್ಲಿ ಪಫಿನ್‌ಗಳು ಹೊರಟುಹೋಗಿರುತ್ತವೆ. ಏಪ್ರಿಲ್ ಹೊತ್ತಿಗೆ ಬಂದು, ಮಣ್ಣಿನ ಬಿಲದಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತವೆ. ಜುಲೈ ಕೊನೆಗೆ ಎಲ್ಲ ಕಡಲಿಗೆ ವಾಪಸ್. ಚಳಿಗಾಲ ಪೂರ್ತಿ ನೀರಿನ ಮೇಲೆಯೇ ಇರುತ್ತವೆ.

ಜೂನ್‌ನಲ್ಲಿ ಬಂದರೆ ಮರಿಗಳಿಗೆ ಊಟ ತರುವುದನ್ನು ನೋಡಬಹುದು. ಕೊಕ್ಕಿನ ತುಂಬ ಸಣ್ಣ ಸಣ್ಣ ಬೆಳ್ಳಿ ಬಣ್ಣದ ಮೀನು ಸಾಲಾಗಿ ಕಚ್ಚಿಕೊಂಡು ಬಂದು, ಗಲ್ ಹಕ್ಕಿ ಕಿತ್ತುಕೊಳ್ಳುವ ಮೊದಲೇ ಸರಕ್ಕನೆ ಬಿಲಕ್ಕೆ ನುಗ್ಗುತ್ತವೆ. ನಮ್ಮಿಂದ ಕೆಲವೇ ಹೆಜ್ಜೆ ದೂರದಲ್ಲಿ! ಮಕ್ಕಳಿಗಿಂತ ನಿಮಗೇ ಜಾಸ್ತಿ ಇಷ್ಟವಾಗುತ್ತೆ ನೋಡಿ.

ಸೀಹೌಸಸ್ ಅನ್ನೋ ಊರಿನ ಬಂದರಿನಿಂದ ಬೋಟ್ ಹೊರಡುತ್ತದೆ. ಕಪ್ಪು ಬಂಡೆಗಳ ಪುಟ್ಟ ಪುಟ್ಟ ದ್ವೀಪಗಳು. ನೀರು ಇಳಿದಾಗ ಹೆಚ್ಚು ಕಾಣುತ್ತವೆ, ಏರಿದಾಗ ಕೆಲವು ಮುಳುಗಿಬಿಡುತ್ತವೆ. ಬಂಡೆ ಮೇಲೆ ಸೀಲ್ ಅನ್ನೋ ಬೂದು ಕಡಲಪ್ರಾಣಿಗಳು ಮಲಗಿರುತ್ತವೆ, ಅವು ವರ್ಷವಿಡೀ ಸಿಗುತ್ತವೆ. ಗಬ್ಬು ವಾಸನೆಯೂ ಇರುತ್ತದೆ, ಹಕ್ಕಿ ಹಿಕ್ಕೆಯದು. ಐದು ನಿಮಿಷದಲ್ಲಿ ಅಭ್ಯಾಸವಾಗುತ್ತದೆ.

ಎಲ್ಲರೂ ಟೋಪಿ ತನ್ನಿ. ಸುಮ್ನೆ ಹೇಳುತ್ತಿಲ್ಲ. ನಾವು ಇಳಿಯುವ ಇನ್ನರ್ ಫಾರ್ನ್ ಅನ್ನೋ ದ್ವೀಪದಲ್ಲಿ ಕಾಲಿಟ್ಟ ಕೂಡಲೇ ಆರ್ಕ್ಟಿಕ್ ಟರ್ನ್ ಹಕ್ಕಿಗಳು ತಲೆಗೆ ಕುಕ್ಕುತ್ತವೆ. ದಾರಿ ಪಕ್ಕದಲ್ಲೇ ಅವುಗಳ ಗೂಡು, ಅದಕ್ಕೇ ಅಷ್ಟು ಸಿಟ್ಟು. ಪುಟ್ಟ ಮೈ, ಆದರೆ ಪ್ರತಿ ವರ್ಷ ಅಂಟಾರ್ಕ್ಟಿಕಾ ಕಡೆಗೆ ಹೋಗಿ ಬರುತ್ತವೆ! 1982ರಲ್ಲಿ ಇಲ್ಲಿ ಗುರುತಿಗೆಂದು ಕಾಲಿಗೆ ಬಳೆ ಹಾಕಿದ್ದ ಮರಿಯೊಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಿಕ್ಕಿತಂತೆ. ಹಾರಲು ಕಲಿತು ಇನ್ನೂ ಮೂರು ತಿಂಗಳಷ್ಟೇ. ನನಗೆ ಇವತ್ತಿಗೂ ನಂಬಲಾಗುವುದಿಲ್ಲ.

ಚಿಕ್ಕಪ್ಪನ ಮಂಡಿನೋವು ನೆನಪಿದೆ. ಬೋಟಿನಿಂದ ಇಳಿಯುವ ಮೆಟ್ಟಿಲು ಒದ್ದೆ, ಜಾರುತ್ತದೆ. ಅವರಿಗೆ ಕಷ್ಟವಾದರೆ ಇಳಿಯದೆ ದ್ವೀಪಗಳನ್ನು ಸುತ್ತಿ ಬರುವ ಬೋಟ್ ಇದೆ, ಅದರಲ್ಲೂ ಸೀಲ್, ಹಕ್ಕಿ ಎಲ್ಲ ಹತ್ತಿರದಿಂದ ಕಾಣುತ್ತವೆ. ಇಳಿಯುವುದಾದರೆ ನ್ಯಾಷನಲ್ ಟ್ರಸ್ಟ್ ಅನ್ನೋ ಸಂರಕ್ಷಣಾ ಸಂಸ್ಥೆಗೆ ಬೇರೆ ಟಿಕೆಟ್. ದ್ವೀಪಗಳನ್ನು 1925ರಿಂದ ಅವರೇ ನೋಡಿಕೊಳ್ಳುತ್ತಿದ್ದಾರೆ.

ಮಕ್ಕಳಿಗೆ ಒಂದು ಮಾತು ಈಗಲೇ ಹೇಳಿಡಿ. ಹಲಗೆ ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡಬಾರದು. ಕೆಳಗೆಲ್ಲ ಪಫಿನ್ ಬಿಲ, ಕಾಲಿಟ್ಟರೆ ಕುಸಿದು ಮರಿ ಒಳಗೇ ಸಿಕ್ಕಿಬೀಳುತ್ತದೆ. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತವು. ಯಾರನ್ನೂ ದ್ವೀಪಕ್ಕೆ ಇಳಿಸದೆ ಮುಚ್ಚಿದರು. ಇನ್ನರ್ ಫಾರ್ನ್ ಮತ್ತೆ ತೆರೆದದ್ದು 2024ರಲ್ಲಿ. ಅಷ್ಟು ಕಷ್ಟಪಟ್ಟು ಉಳಿದುಕೊಂಡ ಹಕ್ಕಿಗಳು. ನಾವು ಅವುಗಳ ಮನೆಗೆ ಹೋಗುತ್ತಿದ್ದೇವೆ, ಅವಕ್ಕೆ ತೊಂದರೆ ಕೊಡಬಾರದು.

ಗಾಳಿ ಜಾಸ್ತಿಯಾದರೆ ಬೋಟ್ ಬಿಡುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ವಾರವಾದರೂ ಇರುವ ಹಾಗೆ ಬನ್ನಿ, ಒಂದು ದಿನ ತಪ್ಪಿದರೆ ಇನ್ನೊಂದು ದಿನ ಹೋಗಬಹುದು. ಜೂನ್ ಎರಡನೇ ವಾರದ ವಿಮಾನ ನೋಡಿ, ಚಿಕ್ಕಪ್ಪನ ಹತ್ತಿರ ಮಾತಾಡಿ ತಾರೀಖು ಹೇಳಿ. ಬೋಟ್ ನಾನು ಬುಕ್ ಮಾಡುತ್ತೇನೆ.