ಬಣ್ಣದ ನೀರಿಗೆ ಯುವಿ-ಪೆರಾಕ್ಸೈಡ್ ಸೆಟ್ ಹಾಕಿಸಿದವರು ಇದ್ದೀರಾ?

ಬನಹಟ್ಟಿ ನೂಲು: ಹತ್ತಿ ನೂಲಿಗೆ ಬಣ್ಣ ಹಾಕುವ ಚಿಕ್ಕ ಯೂನಿಟ್. ರಿಯಾಕ್ಟಿವ್ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಕೆಂಪು, ಕಪ್ಪು ಜಾಸ್ತಿ. ಹೊರಹೋಗುವ ನೀರಿಗೆ ಆಲಂ (ಪಟಿಕ) ಹಾಕಿದರೂ ಬಣ್ಣ ಇಳಿಯುತ್ತಿಲ್ಲ. ಪೆರಾಕ್ಸೈಡ್ ಬೆರೆಸಿದ ನೀರಿಗೆ ನೇರಳಾತೀತ ಬೆಳಕು ಬಿಟ್ಟು ಬಣ್ಣ ಒಡೆಯುವ ಯುವಿ ಸೆಟ್ ಹಾಕಿಸಲಾ? ಅನುಭವ ಇದ್ದವರು ಹೇಳಿ.

ಬಳ್ಳಾರಿ ವಾಷಿಂಗ್: ನಮ್ಮ ಸೆಟ್ ಮೂಲೆಯಲ್ಲಿ ಧೂಳು ಹಿಡಿಯುತ್ತಿದೆ, ಬೇಕಾದರೆ ತಗೊಂಡು ಹೋಗಿ. ಮಾರಲು ಬಂದವರು ಡೆಮೊ ತೋರಿಸಿದ್ದು ಕೊನೇ ತೊಳೆತದ ತೆಳು ನೀರಿಗೆ. ಫಳಫಳ ಆಯಿತು. ಜೀನ್ಸಿನ ಕಡುನೀಲಿ ನೀರು ಬಿಟ್ಟರೆ ಬೆಳಕೇ ಒಳಗೆ ಇಳಿಯಲಿಲ್ಲ. ಬೋರ್ ನೀರು ಗಡಸು, ದೀಪದ ಕ್ವಾರ್ಟ್ಸ್ ಕೊಳವೆಗೆ ಬಿಳಿ ಪೊರೆ ಕಟ್ಟಿತು. ಹುಡುಗ ಆಸಿಡ್ ಹಾಕಿ ಉಜ್ಜುವಾಗ ಒಂದು ಒಡೆಯಿತು, 4,200 ರೂಪಾಯಿ. ದೀಪ 6,500. ಪೆರಾಕ್ಸೈಡ್ 30 ಕೆಜಿ ಕ್ಯಾನಿಗೆ 1,350, ಬಾಡಿಗೆ ಬೇರೆ. ಕರೆಂಟು ಬಿಲ್ ಕೇಳಲೇಬೇಡಿ. ಈಗ ಫೆರಸ್ ಸಲ್ಫೇಟ್, ಸುಣ್ಣ ಹಾಕಿ ಬಣ್ಣ ತಳಕ್ಕಿಳಿಸುತ್ತೇವೆ, ಅಷ್ಟೇ.

ಪೀಣ್ಯ ಡೈಯರ್: ದೀಪ ಯಾಕೆ ಸ್ವಾಮಿ? ನಮ್ಮದು ಫೆಂಟನ್. ಸಲ್ಫ್ಯೂರಿಕ್ ಹಾಕಿ ಪಿಎಚ್ 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ ಹಾಕಿ, ಪೆರಾಕ್ಸೈಡ್ ನಿಧಾನ ಬಿಡುತ್ತೇವೆ. ಕಪ್ಪು ನೀರು ಅರ್ಧ ಗಂಟೆಯಲ್ಲಿ ತಿಳಿ ಹಳದಿ. ಸುಣ್ಣ ಹಾಕಿದರೆ ಕಬ್ಬಿಣವೂ ತಳ ಸೇರುತ್ತದೆ. ಯುವಿ ಮಾರುವವರ ಮಾತು ಕೇಳಿ ದುಡ್ಡು ಸುಟ್ಟುಕೊಂಡವರೇ ಜಾಸ್ತಿ.

ಲ್ಯಾಬಿನವನು: ಪೆರಾಕ್ಸೈಡ್ ಸುರಿಯುವವರೆಲ್ಲ ಆಮೇಲೆ ನಮ್ಮ ಮೇಲೆ ಕೂಗಾಡುತ್ತೀರಿ. ಒಬ್ಬರು ಕಳಿಸಿದ ಸ್ಯಾಂಪಲ್ ಬಾಟಲಿ ಊದಿಕೊಂಡಿತ್ತು, ಮುಚ್ಚಳ ತೆಗೆದರೆ ಬುಸ್ ಅಂತು. ಉಳಿದ ಪೆರಾಕ್ಸೈಡ್ ಟೆಸ್ಟಿನಲ್ಲಿ ಸಿಒಡಿಯನ್ನು (ನೀರಿನ ಕೊಳೆಗೆ ಬೇಕಾಗುವ ಆಮ್ಲಜನಕದ ಲೆಕ್ಕ) ಏರಿಸಿ ತೋರಿಸುತ್ತದೆ. ಮಿತಿ ಲೀಟರಿಗೆ 250 ಮಿ.ಗ್ರಾಂ, ರಿಪೋರ್ಟಿನಲ್ಲಿ 600 ಬಂದರೆ ಲ್ಯಾಬೇ ಕಳ್ಳ! ಅದೇ ನೀರು ಬಯೋ ಟ್ಯಾಂಕಿಗೆ ಹೋದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳೂ ಸಾಯುತ್ತವೆ.

ತಿರುಪ್ಪೂರು ಕನ್ನಡಿಗ: ಬಣ್ಣ, ಬಣ್ಣ! ಉಪ್ಪಿನ ಮಾತು ಯಾರೂ ಎತ್ತಲಿಲ್ಲ. ರಿಯಾಕ್ಟಿವ್ ಅಂದರೆ ಬಣ್ಣ ನೂಲಿಗೆ ಹಿಡಿಯಲು ಮೂಟೆಗಟ್ಟಲೆ ಉಪ್ಪು, ಯುವಿ ಅದನ್ನು ಮುಟ್ಟುವುದೂ ಇಲ್ಲ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಇಲ್ಲಿನ ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿದಾಗ ಗೊತ್ತಾಯಿತು. ಈಗ ಉಪ್ಪು ಬೇರ್ಪಡಿಸಲು ಆರ್‌ಒ ಫಿಲ್ಟರ್, ನೀರು ಆವಿ ಮಾಡುವ ಎವಾಪರೇಟರ್, ಸಾಲ.

ಪೀಣ್ಯ ಡೈಯರ್: ಅವರು ಕೇಳಿದ್ದು ಬಣ್ಣ ತೆಗೆಯೋದು. ನಿಮ್ಮ ಸಾಲದ ಕಥೆ ಯಾಕೆ?

ಬಳ್ಳಾರಿ ವಾಷಿಂಗ್: ನಿಮ್ಮ ಫೆಂಟನ್ ಕೆಸರಿನ ಕಥೆನೂ ಹೇಳಿ ಮತ್ತೆ. ಅದನ್ನು ಯಾಕೆ ನುಂಗಿದಿರಿ?

ಪೀಣ್ಯ ಡೈಯರ್: ಸುಣ್ಣ ಹಾಕುವವರು ಕೆಸರಿನ ಬಗ್ಗೆ ಕೇಳುತ್ತೀರಾ? ನಮ್ಮದು ಲಾರಿಯಲ್ಲಿ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಹೋಗುತ್ತದೆ, ರಸೀದಿ ಇದೆ. ನಿಮ್ಮದು ಎಲ್ಲಿಗೆ?

ಬಳ್ಳಾರಿ ವಾಷಿಂಗ್: ರಸೀದಿ ಫೋಟೋ ಹಾಕಿ, ನೋಡೋಣ. ಲಾರಿ ಬಾಡಿಗೆಯ ಬಿಲ್ ಸಮೇತ.