ಆರು ವರ್ಷ ಕಬಡ್ಡಿ ಆಡಿದವನು ಹಣಕಾಸು ಕೆಲಸಕ್ಕೆ ರೆಸ್ಯೂಮೆ ಬರೆಯುವುದು ಹೇಗೆ?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಬಿ.ಕಾಂ. ಮುಗಿಸಿದ ಮೇಲೆ ಆರು ವರ್ಷ ಕಬಡ್ಡಿಯನ್ನೇ ವೃತ್ತಿಯಾಗಿ ಆಡಿದೆ. ಅದರಲ್ಲಿ ಮೂರು ವರ್ಷ ಒಂದು ಫ್ರಾಂಚೈಸಿ ತಂಡದ ಗುತ್ತಿಗೆಯಲ್ಲಿ ಎಡ ಕಾರ್ನರ್ ರಕ್ಷಕನಾಗಿದ್ದೆ. ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಹಿಂದಿನ ವೇಗ ಮರಳಲಿಲ್ಲ, ಗುತ್ತಿಗೆಯೂ ಮುಂದುವರಿಯಲಿಲ್ಲ. ಈಗ ಬ್ಯಾಂಕಿನಲ್ಲಾಗಲಿ ಮ್ಯೂಚುವಲ್ ಫಂಡ್ ವಿತರಣೆಯಲ್ಲಾಗಲಿ ಕೆಲಸಕ್ಕೆ ಸೇರಬೇಕೆಂದಿದ್ದೇನೆ. ಹನ್ನೊಂದು ಕಡೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದದ್ದು ಒಂದೇ ಕಡೆ. ಅಲ್ಲಿನ ಅಧಿಕಾರಿ ನನ್ನ ನಾಲ್ಕು ಪುಟಗಳ ರೆಸ್ಯೂಮೆಯನ್ನು ತಿರುವಿ ಹಾಕಿ, "ಪದಕಗಳನ್ನು ನೋಡಿ ಸಂತೋಷವಾಯಿತು, ಆದರೆ ಈ ಆರು ವರ್ಷ ಕೆಲಸ ಏನು ಮಾಡಿದಿರಿ?" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲೇ ಇಲ್ಲ. ಪಂದ್ಯಾವಳಿಗಳ ಪಟ್ಟಿಯನ್ನು ತೆಗೆದುಬಿಡಲೇ? ತೆಗೆದರೆ ಉಳಿಯುವುದಾದರೂ ಏನು?

ಉತ್ತರ 1 (ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ, ದಾವಣಗೆರೆ)

ಆ ಅಧಿಕಾರಿಯ ಪ್ರಶ್ನೆಯನ್ನು ಅವಮಾನವೆಂದು ತಿಳಿಯಬೇಡಿ. ಒಬ್ಬ ರಕ್ಷಕ ಒಂದೇ ಪಂದ್ಯದಲ್ಲಿ ಐದು ಟ್ಯಾಕಲ್ ಅಂಕ ಗಳಿಸಿದರೆ ಅದನ್ನು ಹೈ ಫೈವ್ ಎನ್ನುತ್ತಾರೆಂಬುದು ಕಬಡ್ಡಿ ನೋಡುವವರಿಗೆ ಗೊತ್ತು, ಸಾಲದ ಅರ್ಜಿ ನೋಡುವವರಿಗೆ ಗೊತ್ತಿಲ್ಲ. ಪಟ್ಟಿಯನ್ನು ಪೂರ್ತಿ ತೆಗೆಯಬೇಕಿಲ್ಲ. ಆಡಿದ ಅತಿ ಎತ್ತರದ ಹಂತ, ಗುತ್ತಿಗೆಯ ಅವಧಿ, ನಾಯಕರಾಗಿದ್ದರೆ ಅದು, ಇಷ್ಟನ್ನು ಮೂರು ಸಾಲಿನಲ್ಲಿ ಬರೆದು "ವೃತ್ತಿ ಅನುಭವ" ಎಂಬ ಶೀರ್ಷಿಕೆಯ ಕೆಳಗೆ ಇಡಿ, "ಹವ್ಯಾಸ"ದ ಕೆಳಗೆ ಖಂಡಿತ ಬೇಡ. ಒಟ್ಟು ರೆಸ್ಯೂಮೆ ಒಂದೇ ಪುಟದಲ್ಲಿ ಮುಗಿಯಲಿ.

ಇನ್ನು ಉಳಿಯುವುದೇನೆಂದು ಕೇಳಿದ್ದೀರಿ. ನಿಮ್ಮ ಗುತ್ತಿಗೆ ಹಣ ಸಂಬಳವಾಗಿ ಬಂದಿರಲಾರದು, ವೃತ್ತಿಪರ ಶುಲ್ಕವಾಗಿ ಬಂದಿರಬೇಕು. ಹಾಗಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನಡಿ ಶೇ. 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗಿರುತ್ತದೆ. ನೀವೇ 26ಎಎಸ್, ಅಂದರೆ ಕಡಿತವಾದ ತೆರಿಗೆಯ ವಿವರಪಟ್ಟಿ, ತೆಗೆದು ತಾಳೆ ನೋಡಿ, ಪ್ರಯಾಣ ಮತ್ತು ಫಿಸಿಯೊಥೆರಪಿಯ ಖರ್ಚಿಗೆ ಲೆಕ್ಕವಿಟ್ಟು ರಿಟರ್ನ್ ಸಲ್ಲಿಸಿದ್ದರೆ, ಅದನ್ನು ಮುಚ್ಚಿಡುವುದೇಕೆ? ಕಾಲೇಜಿನಿಂದ ನೇರವಾಗಿ ಬರುವ ಬಿ.ಕಾಂ. ಹುಡುಗರಲ್ಲಿ ತನ್ನ ಸ್ವಂತ ಆದಾಯದ ಲೆಕ್ಕವನ್ನು ತಾನೇ ಬರೆದವರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ.

ಮ್ಯೂಚುವಲ್ ಫಂಡ್ ಕೆಲಸವೇ ಬೇಕೆಂದರೆ ಎನ್‌ಐಎಸ್‌ಎಂ (ಷೇರುಪೇಟೆ ಕ್ಷೇತ್ರದ ರಾಷ್ಟ್ರೀಯ ತರಬೇತಿ ಸಂಸ್ಥೆ) ನಡೆಸುವ ಸೀರೀಸ್ 5-ಎ ಎಂಬ ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆಯನ್ನು ಮೊದಲು ಬರೆಯಿರಿ. ನೂರು ಅಂಕಗಳಲ್ಲಿ 50 ಬಂದರೆ ಉತ್ತೀರ್ಣ, ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಆ ಒಂದು ಸಾಲಿಗೆ ಹತ್ತು ಪದಕಗಳಿಗಿಂತ ತೂಕ ಹೆಚ್ಚು.

ಉತ್ತರ 2 (ಹಿಂದೆ ಖೋಖೋ ಆಟಗಾರ್ತಿ, ಈಗ ಸಾಲ ವಿಭಾಗದ ಉದ್ಯೋಗಿ, ಚಿತ್ರದುರ್ಗ)

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. "ತಂಡದ ಮನೋಭಾವ, ಶಿಸ್ತು, ಒತ್ತಡ ತಾಳುವ ಶಕ್ತಿ" ಎಂದು ಆಟಗಾರರೆಲ್ಲರೂ ಬರೆಯುತ್ತಾರೆ. ನಾನೂ ಬರೆದಿದ್ದೆ, ಯಾರೂ ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ಅಳಿಸಿ, ನಮ್ಮ ಕ್ಲಬ್ಬಿನ ಬಸ್ ಖರ್ಚು, ಶೂ ಮತ್ತು ಜೆರ್ಸಿ ಖರೀದಿಯ ರಸೀದಿಗಳನ್ನು ಎರಡು ವರ್ಷ ನಾನೇ ನೋಡಿಕೊಂಡಿದ್ದೆ ಎಂದು ಬರೆದ ಮೇಲೆ ಸಂದರ್ಶನದ ಅರ್ಧ ಸಮಯ ಅದರ ಮೇಲೆಯೇ ಹೋಯಿತು.

ಗಾಯದ ವಿಷಯವನ್ನು ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಿಬಿಡಿ. ಮುಚ್ಚಿಟ್ಟರೆ ಆ ಖಾಲಿ ತಿಂಗಳುಗಳ ಬಗ್ಗೆ ಅನುಮಾನ ಬರುತ್ತದೆ. ಊರಿನ ಪರಿಚಯವನ್ನೂ ಬರೆಯಿರಿ: ಮೆಕ್ಕೆಜೋಳದ ವ್ಯಾಪಾರ, ಚನ್ನಗಿರಿ ಕಡೆಯ ಅಡಿಕೆ, ಚಳ್ಳಕೆರೆಯ ಎಣ್ಣೆ ಗಿರಣಿಗಳು. ಇಲ್ಲಿನ ಗ್ರಾಹಕರ ಕೈಗೆ ಹಣ ಬರುವುದು ಸುಗ್ಗಿಯ ಲೆಕ್ಕದಲ್ಲಿ, ತಿಂಗಳ ಲೆಕ್ಕದಲ್ಲಿ ಅಲ್ಲ. ಇದನ್ನು ತಿಳಿದವರು ನಮ್ಮ ವಿಭಾಗಕ್ಕೆ ನಿಜವಾಗಿಯೂ ಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವರ್ಷವೂ ರಿಟರ್ನ್ ನಾನೇ ಸಲ್ಲಿಸಿದ್ದೇನೆ. ಅದನ್ನು ಬರೆಯಬಹುದೆಂದು ಹೊಳೆದೇ ಇರಲಿಲ್ಲ. ಹೊಸದಾಗಿ ಬರೆದ ಸಾಲುಗಳು ಹೀಗಿವೆ, ದಯವಿಟ್ಟು ನೋಡಿ: "ವೃತ್ತಿಪರ ಕಬಡ್ಡಿ ಆಟಗಾರ, ಆರು ವರ್ಷ, ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ನಿವೃತ್ತಿ. ಮೂರು ವರ್ಷಗಳ ಗುತ್ತಿಗೆ ಆದಾಯದ ಲೆಕ್ಕಪತ್ರ ಮತ್ತು ತೆರಿಗೆ ರಿಟರ್ನ್ ಸ್ವತಃ ನಿರ್ವಹಣೆ. ಎನ್‌ಐಎಸ್‌ಎಂ ಸೀರೀಸ್ 5-ಎ ಪ್ರಮಾಣಪತ್ರ." ಪರೀಕ್ಷೆ ಮುಂದಿನ ತಿಂಗಳು ಇದೆ.

ಉತ್ತರ 1 ಬರೆದವರು

ಮೊದಲ ಎರಡು ವಾಕ್ಯಗಳು ಚೆನ್ನಾಗಿವೆ. ಕೊನೆಯದನ್ನು ಇವತ್ತೇ ತಿದ್ದಿ, "ಪರೀಕ್ಷೆಗೆ ನೋಂದಾಯಿಸಿದ್ದೇನೆ" ಎಂದು ಬರೆದು ದಿನಾಂಕ ಹಾಕಿ. ಫಲಿತಾಂಶ ಬಂದ ದಿನ ಆ ಸಾಲನ್ನು ಬದಲಿಸಿದರಾಯಿತು.